ಐದನೇ ತಿಂಗಳು, ಮಳೆಗಾಲ, ಮನೆಯಲ್ಲಿ ಕಳಲೆ ಪಲ್ಯ. ತಿನ್ನಬಹುದಾ?

ತೀರ್ಥಹಳ್ಳಿ ಸೊಸೆ:

ಎಲ್ಲರಿಗೂ ನಮಸ್ಕಾರ. ನನಗೆ ಈಗ ಐದನೇ ತಿಂಗಳು, ಮೊದಲ ಬಸಿರು. ತವರು ದಾವಣಗೆರೆ ಕಡೆ. ಮದುವೆಯಾಗಿ ಬಂದಿದ್ದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆ ಬಿಟ್ಟು ಒಳಗೆ, ತೋಟದ ನಡುವಿನ ಒಂಟಿ ಮನೆಗೆ. ಮಳೆ ಹಿಡಿದರೆ ಬಿಡುವುದಿಲ್ಲ, ಕರೆಂಟು ಹೋದರೆ ಸಿಗ್ನಲ್ಲೂ ಹೋಯಿತು. ಅದಕ್ಕೇ ಸಿಕ್ಕಾಗಲೇ ಎಲ್ಲವನ್ನೂ ಒಟ್ಟಿಗೆ ಕೇಳುತ್ತಿದ್ದೇನೆ, ಉದ್ದ ಆಯಿತು ಅಂತ ಬೇಸರ ಮಾಡಿಕೊಳ್ಳಬೇಡಿ.

ಈಗ ಕಳಲೆ, ಅಂದರೆ ಎಳೆ ಬಿದಿರಿನ ಮೊಳಕೆ, ಸಿಗುವ ಕಾಲ. ಮಾವ ತೋಟದ ಬೇಲಿಯ ಬಿದಿರು ಮೆಳೆಯಿಂದ ತಂದರು, ಅತ್ತೆ ಹೆಸರುಕಾಳು ಹಾಕಿ ಪಲ್ಯ ಮಾಡಿದರು. ತುಂಬಾ ರುಚಿಯಾಗಿತ್ತು. ವಾಂತಿ ಶುರುವಾದ ಮೇಲೆ ನಾನು ಕೇಳಿ ಹಾಕಿಸಿಕೊಂಡು ಊಟ ಮಾಡಿದ್ದು ಅವತ್ತೇ. ರಾತ್ರಿ ಅಮ್ಮನಿಗೆ ಫೋನಲ್ಲಿ ಹೇಳಿದೆ ನೋಡಿ, ಅಮ್ಮನಿಗೆ ಗಾಬರಿ. "ಅದು ಉಷ್ಣ, ಬಸಿರು ನಿಲ್ಲೋದಿಲ್ಲ, ಇನ್ಮೇಲೆ ಮುಟ್ಟಬೇಡ" ಅಂದರು. ಅತ್ತೆಗೆ ಹೇಳಿದರೆ "ನಾವೆಲ್ಲ ತಿಂದೇ ಹೆತ್ತಿದ್ದು ಮಾರಾಯ್ತಿ, ಹೆದರಬೇಡ" ಅನ್ನುತ್ತಾರೆ. ಇಬ್ಬರೂ ನನ್ನ ಒಳ್ಳೆಯದಕ್ಕೇ ಹೇಳುವುದು. ಯಾರ ಮಾತು ಕೇಳಲಿ? ಪತ್ರೊಡೆ, ಪಪ್ಪಾಯಿ ಹಣ್ಣು, ಅಪ್ಪೆಮಿಡಿ ಉಪ್ಪಿನಕಾಯಿ ಬಗ್ಗೆಯೂ ಇದೇ ಜಗ್ಗಾಟ.

ಇನ್ನೊಂದು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.4 ಬಂದಿದೆ. ಕಬ್ಬಿಣದ ಕೆಂಪು ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡೂ ಕೊಟ್ಟಿದ್ದಾರೆ. ಮರೆಯಬಾರದು ಅಂತ ಬೆಳಿಗ್ಗೆ ತಿಂಡಿ ಕಾಫಿ ಜೊತೆಗೇ ಎರಡನ್ನೂ ನುಂಗುತ್ತೇನೆ. ಆದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗಿ ಗಟ್ಟಿ ಆಗುತ್ತದೆ. ಆಗದ ದಿನ ಬಿಟ್ಟುಬಿಡುತ್ತೇನೆ. ಆಚೆ ಮನೆಯ ಅಜ್ಜಿ ಬೇರೆ, ಮಾತ್ರೆ ಜಾಸ್ತಿ ತಿಂದರೆ ಮಗು ದಪ್ಪ ಆಗಿ ಆಪರೇಷನ್ನೇ ಗತಿ ಅಂದಿದ್ದಾರೆ. ಮಗು ಅಲುಗಾಡುವುದು ಇನ್ನೂ ಸರಿಯಾಗಿ ಗೊತ್ತಾಗುತ್ತಿಲ್ಲ, ಅದೂ ಒಂದು ಚಿಂತೆ. ರಾತ್ರಿ ಹಂಚಿನ ಮೇಲೆ ಮಳೆ ಬೀಳುವಾಗ ಎಚ್ಚರಾದರೆ ಇದೇ ತಲೆಯಲ್ಲಿ ಸುತ್ತುತ್ತದೆ. ತಿಳಿದವರು ಹೇಳಿ.

ಕೆಳದಿ ಅಕ್ಕ:

ತಂಗಿ, ಮೊದಲು ಕಳಲೆ ವಿಷಯ ಹೇಳುತ್ತೇನೆ, ಇದು ನಾವು ಪ್ರತಿ ಮಳೆಗಾಲ ಮಾಡುವ ಅಡುಗೆ. ನಿಮ್ಮ ಅಮ್ಮ ಹೆದರಿದ್ದು ಸುಮ್ನೆ ಅಲ್ಲ. ಹಸಿ ಕಳಲೆಯಲ್ಲಿ ವಿಷದ ಅಂಶ ಇರುವುದು ನಿಜ, ಹೊಟ್ಟೆಗೆ ಹೋದರೆ ಸಯನೈಡ್ ಬಿಡುವಂಥದ್ದು. ಬಸುರಿಗೆ ಮಾತ್ರ ಅಲ್ಲ, ಯಾರಿಗೂ ಒಳ್ಳೆಯದಲ್ಲ. ಆದರೆ ಮಲೆನಾಡಿನಲ್ಲಿ ಅದನ್ನು ಹಸಿಯಾಗಿ ಯಾರೂ ಒಲೆಗೆ ಹಾಕುವುದಿಲ್ಲ ಅಲ್ವಾ?

ಹೊರಗಿನ ಸಿಪ್ಪೆಯೆಲ್ಲ ಸುಲಿದು, ಒಳಗಿನ ಎಳೆ ಭಾಗವನ್ನು ಸಣ್ಣಗೆ ಹೆಚ್ಚಿ, ಮುಳುಗುವಷ್ಟು ನೀರು ಹಾಕಿ ಇಡಬೇಕು. ಮರುದಿನ ಮುಚ್ಚಳ ತೆಗೆದರೆ ಘಾಟು ವಾಸನೆ ಮೂಗಿಗೆ ಹೊಡೆಯುತ್ತದೆ, ನೀರು ಮಬ್ಬಾಗಿರುತ್ತದೆ. ಆ ನೀರು ಚೆಲ್ಲಿ ಹೊಸ ನೀರು. ಮರುದಿನ ಮತ್ತೆ. ಮೂರನೇ ದಿನಕ್ಕೆ ವಾಸನೆ ಇಳಿದಿರುತ್ತದೆ, ಆಗ ಉಪ್ಪು ಹಾಕಿ, ಮುಚ್ಚಳ ಮುಚ್ಚದೆ ಚೆನ್ನಾಗಿ ಬೇಯಿಸಿ ಆ ನೀರನ್ನೂ ಬಸಿದುಬಿಡಬೇಕು. ನಮ್ಮ ಅತ್ತೆ ಆ ನೀರನ್ನು ಕೊಟ್ಟಿಗೆ ಕಡೆ ಚೆಲ್ಲಲು ಬಿಡುತ್ತಿರಲಿಲ್ಲ, ದನ ಕುಡಿದೀತು ಅಂತ. ಹೆಚ್ಚುವುದು, ನೆನೆಸುವುದು, ಬೇಯಿಸುವುದು ಮೂರೂ ಆದ ಮೇಲೆ ಆ ವಿಷ ಹೋಗುತ್ತದೆ. ನಿಮ್ಮ ಅತ್ತೆ ಹೀಗೇ ಮಾಡಿರುತ್ತಾರೆ, ಒಮ್ಮೆ ಪಕ್ಕದಲ್ಲಿ ಕೂತು ನೋಡಿ, ಆಮೇಲೆ ಅಮ್ಮನಿಗೆ ಅದನ್ನೇ ವಿವರಿಸಿ. ಬಯಲುಸೀಮೆಯವರಿಗೆ ಕಳಲೆ ನೋಡಿಯೇ ಗೊತ್ತಿರುವುದಿಲ್ಲ, ಪಾಪ. ಅಪರೂಪಕ್ಕೆ ಒಂದೆರಡು ಸೌಟು ತಿಂದರೆ ಭಯ ಬೇಡ. ಮಳೆಗಾಲ ಪೂರ್ತಿ ದಿನಾ ಅದೇ ಬೇಡ, ಅಷ್ಟೆ.

ಪತ್ರೊಡೆಗೆ ಕೆಸುವಿನ ಎಲೆ ತುರಿಸದ ಹಾಗೆ ಹುಣಸೆಹುಳಿ ಸರಿಯಾಗಿ ಹಾಕಿ, ಪೂರಾ ಬೇಯಬೇಕು. ಪಪ್ಪಾಯಿ ಕಾಯಿಯ ಹಾಲು ಗರ್ಭಕೋಶವನ್ನು ಹಿಂಡುವಂಥದ್ದು, ಹಾಗಾಗಿ ಕಾಯಿ, ಅರೆಹಣ್ಣು ಎರಡೂ ಬೇಡ. ಪೂರ್ತಿ ಮಾಗಿದ್ದು ಒಂದು ಹೋಳಿಗೆ ತೊಂದರೆ ಇಲ್ಲ. ಆದರೂ ಮನಸ್ಸು ಅಳುಕಿದರೆ ಬಾಳೆಹಣ್ಣು ಇದೆಯಲ್ಲ, ಪಪ್ಪಾಯಿಯೇ ಆಗಬೇಕೆಂದೇನಿಲ್ಲ. ನಾನು ಖಂಡಿತ ಬೇಡ ಅನ್ನುವುದು ಕಾಡಿನ ಅಣಬೆ. ಗುರುತು ಹಿಡಿಯುವವರು ಮನೆಯಲ್ಲೇ ಇದ್ದರೂ ಈ ಒಂಬತ್ತು ತಿಂಗಳು ಬೇಡ.

ಮಂಡಗದ್ದೆ ಸಿಸ್ಟರ್:

ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತಿ ಆದವಳು. ಕಳಲೆ ಬಗ್ಗೆ ಅಕ್ಕ ಹೇಳಿದ್ದು ಸರಿ ಇದೆ. ಆದರೆ ಮಗಳೇ, ನೀವು ಕೇಳಿದ್ದರಲ್ಲಿ ನನಗೆ ಚಿಂತೆ ಹಚ್ಚಿದ್ದು ಕಳಲೆ ಅಲ್ಲ, 9.4. ಬಸುರಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತೇವೆ. ಹೆರಿಗೆಯಲ್ಲಿ ರಕ್ತ ಹೋಗುವುದು ಎಲ್ಲರಿಗೂ ಇರುವುದೇ. ತುಂಬಿಕೊಂಡಿರುವವರು ತಡೆದುಕೊಳ್ಳುತ್ತಾರೆ, ಮೊದಲೇ ಕಡಿಮೆ ಇರುವವರು ಸುಸ್ತು ಹೊಡೆಯುತ್ತಾರೆ. ಇದನ್ನು ನಾನು ವಾರ್ಡಿನಲ್ಲಿ ಕಣ್ಣಾರೆ ಕಂಡಿದ್ದೇನೆ. ನಿಮಗೆ ಇನ್ನೂ ನಾಲ್ಕು ತಿಂಗಳು ಸಮಯ ಇದೆ, ಖಂಡಿತ ಏರಿಸಬಹುದು.

ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗಿದರೆ ಅದು ಮೈಗೆ ಹತ್ತುವುದೇ ಕಡಿಮೆ. ಟೀ ಆದರೂ ಅಷ್ಟೆ. ಕ್ಯಾಲ್ಸಿಯಂ ಜೊತೆ ತಗೊಂಡರೂ ಒಂದಕ್ಕೊಂದು ಅಡ್ಡ. ಹೀಗೆ ಮಾಡಿ. ಕ್ಯಾಲ್ಸಿಯಂ ಬೆಳಗಿನ ತಿಂಡಿ ಆದ ಮೇಲೆ. ಕೆಂಪು ಮಾತ್ರೆ ರಾತ್ರಿ ಊಟ ಆಗಿ ಒಂದು ಗಂಟೆ ಬಿಟ್ಟು, ಮಲಗುವ ಮೊದಲು, ಅರ್ಧ ಲೋಟ ನಿಂಬೆಹಣ್ಣಿನ ನೀರಿನ ಜೊತೆ. ಹುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ರಾತ್ರಿ ತಗೊಂಡರೆ ಹೊಟ್ಟೆ ತೊಳಸಿದರೂ ನಿದ್ದೆಯಲ್ಲಿ ಗೊತ್ತಾಗುವುದಿಲ್ಲ, ತುಂಬಾ ಜನರಿಗೆ ಇದು ಒಗ್ಗುತ್ತದೆ. ಕಾಫಿ ಬಿಡಿ ಅಂತ ನಾನು ಹೇಳುವುದಿಲ್ಲ, ಈ ಥಂಡಿಯಲ್ಲಿ ಅದು ಆಗುವ ಮಾತಲ್ಲ. ದಿನಕ್ಕೆ ಎರಡು ಸಣ್ಣ ಲೋಟ ಸಾಕು, ಮಾತ್ರೆಗೂ ಊಟಕ್ಕೂ ಒಂದು ಗಂಟೆಯಾದರೂ ದೂರ ಇರಲಿ.

ಮಲ ಕಪ್ಪಾಗುವುದು ಕಬ್ಬಿಣದಿಂದ, ಭಯ ಬೇಡ. ಗಟ್ಟಿ ಆಗುವುದಕ್ಕೆ ಬಿಸಿನೀರು ಜಾಸ್ತಿ ಕುಡಿಯಿರಿ, ಹರಿವೆ, ಬಸಳೆ ಹುಳಿ ಮಾಡಿಸಿಕೊಳ್ಳಿ, ಬಾಳೆಹಣ್ಣು ತಿನ್ನಿ. ಮಾತ್ರೆಯಿಂದ ಮಗು ದಪ್ಪ ಆಗಿ ಆಪರೇಷನ್ ಆಗುತ್ತದೆ ಅನ್ನುವುದು ಸುಳ್ಳು. ಅಜ್ಜಿಗೆ ಎದುರು ಮಾತಾಡಲು ಹೋಗಬೇಡಿ, ಆದರೆ ಮಾತ್ರೆ ಬಿಡಬೇಡಿ. ಸರ್ಕಾರಿ ಆಸ್ಪತ್ರೆಯ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ, ಜೊತೆಗೆ ಫೋಲಿಕ್ ಆಸಿಡ್. ರಕ್ತ ಸರಿ ಇರುವವರಿಗೂ ದಿನಕ್ಕೊಂದರಂತೆ 180 ದಿನ ಕೊಡುತ್ತಾರೆ. ನಿಮ್ಮ ಹಾಗೆ ಕಡಿಮೆ ಇದ್ದರೆ ದಿನಕ್ಕೆ ಎರಡು ಬೇಕಾಗಬಹುದು, ಅದನ್ನು ಡಾಕ್ಟರ ಹತ್ತಿರವೇ ಕೇಳಿ. ಒಂದು ತಿಂಗಳ ನಂತರ ರಕ್ತ ಮತ್ತೆ ನೋಡಿಸಿ. ಏರದಿದ್ದರೆ ಡ್ರಿಪ್ ಮೂಲಕ ಕಬ್ಬಿಣ ಹಾಕುವುದೂ ಇದೆ.

ಇನ್ನೊಂದು ಮಾತು ಕೇಳಲೇಬೇಕು. ತೋಟಕ್ಕೆ, ಕೊಟ್ಟಿಗೆಗೆ ಬರಿಗಾಲಲ್ಲಿ ಹೋಗುತ್ತೀರಾ? ಇಂಬಳಕ್ಕೆ ಎಲ್ಲರೂ ಹೆದರುತ್ತಾರೆ, ಅದು ಸ್ವಲ್ಪ ರಕ್ತ ಕುಡಿದು ಬಿದ್ದುಹೋಗುತ್ತದೆ. ಕಣ್ಣಿಗೆ ಕಾಣದ ಕೊಕ್ಕೆಹುಳದ ಮರಿಗಳು ಒದ್ದೆ ಮಣ್ಣಿನಿಂದ ಅಂಗಾಲಿನ ಚರ್ಮದೊಳಗೆ ಹೊಕ್ಕು, ಕರುಳಿನಲ್ಲಿ ಕೂತು ತಿಂಗಳುಗಟ್ಟಲೆ ರಕ್ತ ಹೀರುತ್ತವೆ. ಮೂರು ತಿಂಗಳು ಕಳೆದ ಮೇಲೆ ಬಸುರಿಗೆ ಜಂತುಹುಳದ ಮಾತ್ರೆ ಒಂದು ಸಲ ಕೊಡುತ್ತಾರೆ. ನಿಮಗೆ ಕೊಟ್ಟಿದ್ದಾರಾ ವಿಚಾರಿಸಿ. ನೀವಾಗೇ ಅಂಗಡಿಯಿಂದ ತಂದು ನುಂಗಬೇಡಿ. ಕಾಲಿಗೆ ಚಪ್ಪಲಿ ಇಲ್ಲದೆ ಅಂಗಳ ದಾಟಬೇಡಿ.

ಮಗು ಅಲುಗಾಟ ಮೊದಲ ಬಸಿರಲ್ಲಿ 18ರಿಂದ 20 ವಾರದ ಹೊತ್ತಿಗೆ ತಿಳಿಯಲು ಶುರುವಾಗುತ್ತದೆ, ಕೆಲವರಿಗೆ ಇನ್ನೂ ತಡ. ಒದ್ದ ಹಾಗೆ ಇರುವುದಿಲ್ಲ, ಹೊಟ್ಟೆಯಲ್ಲಿ ಗಾಳಿ ಆಡಿದಂತೆ ಇರುತ್ತದೆ. 24 ವಾರ ಆದರೂ ಏನೂ ತಿಳಿಯದಿದ್ದರೆ ತೋರಿಸಿ. ಐದನೇ ತಿಂಗಳ ಸ್ಕ್ಯಾನ್ ಮಾತ್ರ ತಪ್ಪಿಸಬೇಡಿ.

ತೋಟದ ಮನೆ:

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಕಳಲೆ ಸರಿಯಾಗಿ ಮಾಡಿದರೆ ತೊಂದರೆ ಇಲ್ಲ, ಒಪ್ಪಿದೆ. ಆದರೆ ಅಮ್ಮ ದೂರದಲ್ಲಿ ಕೂತು ದಿನಾ ಹೆದರುತ್ತಿರುವಾಗ ತಿಂದೇ ತೀರಬೇಕಾ? ನೀವು ತಿಂದಿರುತ್ತೀರಿ, ನಾಳೆ ಯಾವುದೋ ಕಾರಣಕ್ಕೆ ಸ್ವಲ್ಪ ಹೊಟ್ಟೆ ನೋವು ಬಂದರೂ ಮೊದಲು ನೆನಪಾಗುವುದು ಅದೇ. ಅತ್ತೆಗೂ ಮನಸ್ಸಿಗೆ ಕಷ್ಟ, ಅಮ್ಮನಿಗೂ ಕಷ್ಟ. ನನ್ನ ಸೊಸೆ ಬಸುರಿ ಇದ್ದಾಗ ಅವರ ಅಮ್ಮ ಬೇಡ ಎಂದಿದ್ದನ್ನು ನಾನು ಮಾಡಿ ಬಡಿಸಲಿಲ್ಲ. ಸರಿ ತಪ್ಪು ನೋಡಲಿಲ್ಲ, ಹುಡುಗಿ ನೆಮ್ಮದಿಯಾಗಿ ಉಣ್ಣಲಿ ಅಂತ ಅಷ್ಟೆ.

ಮಳೆಗಾಲದಲ್ಲಿ ತಿನ್ನುವುದಕ್ಕೆ ಬೇರೆ ಎಷ್ಟು ಇಲ್ಲ? ಹುರುಳಿ ಸಾರು ಮಾಡಿ, ಅದರ ಕಾಳನ್ನು ಬಿಸಾಡದೆ ಉಸಲಿ ಮಾಡಿ. ನುಗ್ಗೆಸೊಪ್ಪು ಹಾಕಿ ಅಕ್ಕಿರೊಟ್ಟಿ ತಟ್ಟಿ, ಮೇಲೆ ಬೆಣ್ಣೆ. ವಾಂತಿ ಇದ್ದರೆ ಒಂದೆಲಗದ ತಂಬುಳಿ, ದಾಳಿಂಬೆ ಸಿಪ್ಪೆ ತಂಬುಳಿ ಬಾಯಿಗೆ ಹಿತ. ನಿಮ್ಮ ತವರಿನ ರಾಗಿ, ಶೇಂಗಾ ತರಿಸಿಕೊಳ್ಳಿ, ಅತ್ತೆಗೂ ಹೇಳಿಕೊಡಿ. ನೆಲ್ಲಿಕಾಯಿ ಸಿಕ್ಕರೆ ದಿನಾ ಒಂದು. ಅಪ್ಪೆಮಿಡಿ ಬಾಯಿಗೆ ಬೇಕೆನಿಸುತ್ತದೆ, ನನಗೆ ಗೊತ್ತು, ಗಂಜಿ ಜೊತೆ ಒಂದು ಚೂರು ಕಚ್ಚಿಕೊಳ್ಳಿ. ಅದರಲ್ಲಿ ಉಪ್ಪು ಬಹಳ, ಬಿಪಿ ಏರಿದವರು ಅದನ್ನೂ ಮುಟ್ಟಬಾರದು. ಎರಡು ಜೀವಕ್ಕೆ ಉಣ್ಣು ಅಂತ ಎರಡು ಪಟ್ಟು ಅನ್ನ ಬಡಿಸುವವರ ಮಾತು ಕೇಳಬೇಡಿ. ಅನ್ನ ಅಷ್ಟೇ ಇರಲಿ, ಕಾಳು ಸೊಪ್ಪು ಜಾಸ್ತಿ ಆಗಲಿ. ಮೊಟ್ಟೆ ತಿನ್ನುವ ಮನೆ ಆದರೆ ದಿನಕ್ಕೊಂದು ಮೊಟ್ಟೆ.

ತುಮರಿಯವಳು:

ಊಟದ ಬಗ್ಗೆ ಎಲ್ಲ ಹೇಳಿದರು. ನಾನು ದಾರಿಯ ಬಗ್ಗೆ ಹೇಳುತ್ತೇನೆ, ಒಂಟಿ ಮನೆ ಅಂದಿರಲ್ಲ. ನಮ್ಮದು ಶರಾವತಿ ಹಿನ್ನೀರಿನ ಆಚೆ. ಈಗ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಆಗಿದೆ, 2025ರ ಜುಲೈಯಲ್ಲಿ ಶುರುವಾಯಿತು. ನನ್ನ ದೊಡ್ಡ ಮಗಳು ಹುಟ್ಟುವಾಗ ಸೇತುವೆ ಇರಲಿಲ್ಲ. ಸಂಜೆ ಲಾಂಚ್ ನಿಂತರೆ ಆಚೆ ದಡ ಇಲ್ಲ ಅಂತಲೇ ಲೆಕ್ಕ, ಅಥವಾ ಕಾಡಿನ ದಾರಿ ಸುತ್ತಬೇಕು. ಅದಕ್ಕೇ ನಮ್ಮ ಕಡೆಯವರು ದಿನ ಹತ್ತಿರ ಬರುವ ಮೊದಲೇ ಸಾಗರದಲ್ಲಿ ನೆಂಟರ ಮನೆ ಸೇರುತ್ತಿದ್ದರು. ನಾನೂ ಚಿಕ್ಕಮ್ಮನ ಮನೆಯಲ್ಲಿದ್ದೆ, ನೋವು ಬಂದಿದ್ದು ನಡುರಾತ್ರಿ. ಹಿನ್ನೀರಿನ ಆಚೆ ಇದ್ದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚನೆ ಬರುತ್ತದೆ.

ನಿಮ್ಮ ಲೆಕ್ಕಕ್ಕೆ ಹೆರಿಗೆ ಮಳೆ ಮುಗಿದ ಮೇಲೆ ಬರುತ್ತದೆ, ಅದು ಒಳ್ಳೆಯದೇ. ಆದರೆ ಮಧ್ಯದಲ್ಲಿ ಏನಾದರೂ ಆದರೆ? ಮರ ಬಿದ್ದು ರಸ್ತೆ ಕಟ್ಟಿದರೆ ಯಾರ ಜೀಪು, ಯಾವ ದಾರಿ ಅಂತ ಈಗಲೇ ಮಾವನ ಹತ್ತಿರ, ಮನೆಯವರ ಹತ್ತಿರ ಮಾತಾಡಿ. ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ಮನೆಯ ಎಲ್ಲರಿಗೂ ಗೊತ್ತಿರಲಿ, 108ಕ್ಕೆ ಫೋನ್ ಮಾಡಬೇಕಾದರೆ ಗುಡ್ಡ ಹತ್ತಿ ಹುಡುಕುತ್ತಾ ಕೂರಬಾರದು. ಆಶಾ ಕಾರ್ಯಕರ್ತೆಗೆ ನಿಮ್ಮ ಮನೆ ಎಲ್ಲಿ ಅಂತ ಗೊತ್ತಾ? ಅಂಗನವಾಡಿಯಲ್ಲಿ ಹೆಸರು ಬರೆಸಿದ್ದೀರಾ? ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಊಟ, ಮೊಟ್ಟೆ, ಹಾಲು ಇದೆ. ದೂರದ ಮನೆ ಅಂತ ಬಿಡಬೇಡಿ, ಹೋಗಿ ಕೇಳಿ.

ಹೊಸನಗರ ಅಣ್ಣ:

ಗಂಡಸರು ಇಲ್ಲಿ ಬರೆಯಬಹುದಾ ಗೊತ್ತಿಲ್ಲ, ಒಂದೇ ಮಾತು. ನಿಮ್ಮ ಮನೆಯವರನ್ನು ತಪಾಸಣೆಗೆ ಒಳಗೆ ಕರೆದುಕೊಂಡು ಹೋಗಿ, ಹೊರಗೆ ಬೈಕ್ ಹತ್ತಿರ ನಿಲ್ಲಿಸಬೇಡಿ. ನನ್ನ ಹೆಂಡತಿಗೆ ಸಿಸ್ಟರ್ ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದರಿಂದ, ಮನೆಗೆ ಬಂದು ನಮ್ಮ ಅಮ್ಮನಿಗೆ ನಾನೇ ಹೇಳಿದೆ. ಮಗನ ಬಾಯಲ್ಲಿ ಬಂದರೆ ಅತ್ತೆ ಸೊಸೆ ಮಧ್ಯೆ ಅದು ಮಾತಿಗೆ ಮಾತು ಆಗುವುದಿಲ್ಲ.

ತೀರ್ಥಹಳ್ಳಿ ಸೊಸೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕರೆಂಟು ಇರಲಿಲ್ಲ, ಇವತ್ತು ಎಲ್ಲ ಓದಿದೆ. ಅತ್ತೆಯ ಹತ್ತಿರ ಕೇಳಿದೆ, ಕೆಳದಿ ಅಕ್ಕ ಹೇಳಿದ ಹಾಗೇ ನೀರು ಬದಲಿಸಿ ಮಾಡಿದ್ದರು. ಅಮ್ಮನಿಗೆ ಅತ್ತೆಯೇ ಫೋನಲ್ಲಿ ಮಾತಾಡಿ ಹೇಳಿದರು. ಅಮ್ಮ ಪೂರ್ತಿ ಒಪ್ಪಲಿಲ್ಲ, ಆದರೆ ಆ ಗಾಬರಿ ಈಗ ಇಲ್ಲ. ಹಾಗಾಗಿ ಈ ವರ್ಷ ನನಗೆ ಕಳಲೆ ಬೇಡ ಅಂತ ನಾನೇ ಅಂದೆ. ಅತ್ತೆ ಉಪ್ಪುನೀರಿನಲ್ಲಿ ಹಾಕಿ ಡಬ್ಬಿಯಲ್ಲಿ ತೆಗೆದಿಟ್ಟಿದ್ದಾರೆ, ಬಾಣಂತನ ಮುಗಿದ ಮೇಲೆ ತಿನ್ನು ಅಂತ.

ಮಾತ್ರೆ ಈಗ ರಾತ್ರಿ ನಿಂಬೆನೀರಿನ ಜೊತೆ. ಹೊಟ್ಟೆ ತೊಳಸುವುದು ಕಡಿಮೆ ಆಗಿದೆ. ಸಿಸ್ಟರ್, ಬರಿಗಾಲಿನ ವಿಷಯ ಕೇಳಿದಿರಲ್ಲ, ಇಲ್ಲಿ ಬಂದಾಗಿನಿಂದ ಕೊಟ್ಟಿಗೆಗೆ ಎಲ್ಲರೂ ಹಾಗೇ ಹೋಗುವುದು. ಜಂತುಹುಳದ ಮಾತ್ರೆ ಕೊಟ್ಟಿದ್ದು ನೆನಪಿಲ್ಲ. ಅತ್ತೆಗೂ ಸುಸ್ತು ಅನ್ನುತ್ತಿರುತ್ತಾರೆ, ಅವರಿಗೂ ರಕ್ತ ನೋಡಿಸಬಹುದಾ? ನೆಲಕ್ಕೆ ಬಿದ್ದ ಅಡಿಕೆ ಹೆಕ್ಕುವುದು, ಹುಲ್ಲು ಕೊಯ್ಯುವುದು ಎಲ್ಲ ಅವರೇ.

ಮಂಡಗದ್ದೆ ಸಿಸ್ಟರ್:

ಖಂಡಿತ ನೋಡಿಸಿ, ಇಬ್ಬರೂ ಒಟ್ಟಿಗೇ ಹೋಗಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ, ಡಾಕ್ಟರೇ ನೋಡುತ್ತಾರೆ, ಆ ದಿನ ಹೋದರೆ ಒಳ್ಳೆಯದು. ಅತ್ತೆಯದು ಮಾಮೂಲಿ ಚೀಟಿ ಮಾಡಿಸಿ ತೋರಿಸಿ. ಜಂತುಹುಳದ ಮಾತ್ರೆ ಕೊಟ್ಟಿದ್ದರೆ ತಾಯಿ ಕಾರ್ಡಿನಲ್ಲಿ ಬರೆದಿರುತ್ತಾರೆ, ಬರೆದಿಲ್ಲ ಅಂದರೆ ಬಾಯಿಬಿಟ್ಟು ಕೇಳಿ. ಬಿಪಿ ನೋಡದೆ ಕಳಿಸಿದರೆ ಅದನ್ನೂ ಕೇಳಿ.

ಅಲ್ಲಿಯವರೆಗೆ ಕಾಯಬಾರದ್ದು ಕೆಲವು ಇವೆ. ರಕ್ತ ಅಥವಾ ನೀರು ಹೋದರೆ, ತಲೆನೋವು ಬಿಡದೆ ಕಣ್ಣು ಮಂಜಾದರೆ, ಮುಖ ಕೈ ಊದಿಕೊಂಡರೆ, ಅಲುಗಾಟ ಶುರುವಾದ ಮೇಲೆ ಕಡಿಮೆ ಅನಿಸಿದರೆ, ಜ್ವರ ಬಂದರೆ ಅದೇ ದಿನ ಹೊರಡಿ. ಈ ಮಳೆಯಲ್ಲಿ ಡೆಂಗ್ಯೂ, ಇಲಿಜ್ವರ ಎರಡೂ ಇರುತ್ತವೆ, ಕಷಾಯ ಕುಡಿದು ನಾಳೆ ನೋಡೋಣ ಅನ್ನುವುದು ಬೇಡ. ತೀರ್ಥಹಳ್ಳಿಯಲ್ಲಿ ಆಗದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸುತ್ತಾರೆ, ಆಗ ತಾಯಿ ಕಾರ್ಡು, ಸ್ಕ್ಯಾನ್, ರಕ್ತದ ರಿಪೋರ್ಟು ಎಲ್ಲ ಕೈಯಲ್ಲಿರಬೇಕು. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಗಿಲ ಹತ್ತಿರದ ಮೊಳೆಗೆ ತೂಗುಹಾಕಿಡಿ. ಬೀರುವಿನಲ್ಲಿ ಇಟ್ಟರೆ ಮಳೆಗಾಲದ ಥಂಡಿಗೆ ಬೂಷ್ಟು ಹಿಡಿಯುತ್ತದೆ.