ಪದಚರ್ಚೆ: ಕಿಮೋ ರೋಗಿಗಳ ಸೂಚನಾಪತ್ರದಲ್ಲಿ "ನಂಜು" ಸರಿಯೇ?

ಶಿವಮೊಗ್ಗದಲ್ಲಿ ಕಿಮೋ (ಕ್ಯಾನ್ಸರಿನ ಔಷಧಿ ಚಿಕಿತ್ಸೆ) ಮುಗಿಸಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಗೆ ಹೊರಡುವವರಿಗೆ ಕೊಡುವ ಸೂಚನಾಪತ್ರದ ಕರಡು ಇದು. ಸೆಪ್ಸಿಸ್ (ಸೋಂಕು ವಿಪರೀತವಾಗಿ ಅಂಗಗಳೇ ಸೋಲತೊಡಗುವ ಸ್ಥಿತಿ) ಎನ್ನಬೇಕಾದಲ್ಲೆಲ್ಲ "ನಂಜು" ಎಂದಿದೆ. ಅರ್ಥದಲ್ಲಿ ತಪ್ಪಿಲ್ಲ, ನಂಜುಂಡನೇ ಸಾಕ್ಷಿ. ತೊಡಕಿರುವುದು ಬಳಕೆಯಲ್ಲಿ. ಮಲೆನಾಡಿನ ಮನೆಗಳಲ್ಲಿ ನಂಜು ಎಂದೊಡನೆ ನೆನಪಾಗುವುದು ಪಥ್ಯ, ಇಲ್ಲವೇ ಕೀವು ತುಂಬಿದ ಗಾಯ. ಓದಿದವರು ಬದನೆಕಾಯಿ ಬಿಟ್ಟು, ಅರಿಶಿನ ಹಚ್ಚಿ, ಎರಡು ದಿನ ನೋಡೋಣ ಎಂದು ಕೂರುತ್ತಾರೆ. ಇಲ್ಲಿ ಅಷ್ಟು ಹೊತ್ತಿಲ್ಲ.

ಕೀವಿನ ಮಾತಂತೂ ಪೂರ್ತಿ ದಾರಿ ತಪ್ಪಿಸುತ್ತದೆ. ಕೀವೆಂದರೆ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳು, ಅಂದರೆ ಸೋಂಕಿನೊಡನೆ ಹೋರಾಡುವ ಬಿಳಿರಕ್ತಕಣಗಳು. ಕಿಮೋದಿಂದಾಗಿ ಮೈಕ್ರೋಲೀಟರ್ ರಕ್ತದಲ್ಲಿ ಅವು 500ಕ್ಕಿಂತ ಕೆಳಗಿಳಿದರೆ ಕೀವು, ಕೆಂಪು, ಊತ ಮೂಡುವುದೇ ಅಪರೂಪ. ನ್ಯುಮೋನಿಯಾ ಇದ್ದರೂ ಎಕ್ಸ್‌ರೇ ಚೊಕ್ಕವಾಗಿ ಕಾಣಬಹುದು. ಎಷ್ಟೋ ಸಲ ಜ್ವರವೊಂದೇ ಸುಳಿವು. ಹಾಗಾಗಿ ಪದಕ್ಕಿಂತ ಮುಂದೆ ಅಂಕಿ ಇರಲಿ: ಬಾಯಲ್ಲಿಟ್ಟ ಥರ್ಮಾಮೀಟರು ಒಮ್ಮೆ 101 ತೋರಿಸಿದರೂ, 100.4 ಒಂದು ಗಂಟೆ ಇಳಿಯದಿದ್ದರೂ ಆಸ್ಪತ್ರೆಗೆ ಹೊರಡಿ. ಪ್ಯಾರಾಸಿಟಮಾಲ್ ನುಂಗಿ ಕಾಯುವುದು ಬೇಡ, ಇದ್ದ ಸುಳಿವೂ ಅಳಿಸಿಹೋಗುತ್ತದೆ. ಗುದದ್ವಾರದಲ್ಲಿ ಥರ್ಮಾಮೀಟರು, ಎನಿಮಾ ಕೂಡದು. ಸಣ್ಣ ಗೀರಾದರೂ ಸಾಕು, ಕರುಳಿನ ಬ್ಯಾಕ್ಟೀರಿಯಾ ರಕ್ತ ಸೇರುತ್ತದೆ.

"ಒಳಜ್ವರ"ವನ್ನು ಕರಡಿನಿಂದ ಹೊಡೆದುಹಾಕಿದ್ದು ಯಾಕೋ ತಿಳಿಯಲಿಲ್ಲ. ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಮೈ ಬಿಸಿಯಾಗದೆಯೂ ಸೆಪ್ಸಿಸ್ ಆಗುತ್ತದೆ. ಚಳಿ ನಡುಕ, ಏದುಸಿರು, ಅಸಂಬದ್ಧ ಮಾತು, ಮೂತ್ರ ಕಡಿಮೆಯಾಗುವುದು: ಇಷ್ಟನ್ನು ಆ ಪದದ ಜೊತೆಗೇ ಬರೆದರೆ ಅಜ್ಜಿಯರಿಗೂ ಹಿಡಿಯುತ್ತದೆ.

ನರ್ಸ್‌ಗಳ ಪುಟದಲ್ಲಿ "ತಕ್ಷಣ" ತೆಗೆದು "ಬಂದ 60 ನಿಮಿಷದೊಳಗೆ ಆಂಟಿಬಯಾಟಿಕ್‌ನ ಮೊದಲ ಡೋಸ್" ಎನ್ನಿ. ಅದಕ್ಕೂ ಮುಂಚೆ ಎರಡು ಸೆಟ್ ರಕ್ತದ ಕಲ್ಚರ್ (ರಕ್ತದಲ್ಲಿನ ರೋಗಾಣು ಬೆಳೆಸಿ ಗುರುತಿಸುವ ಪರೀಕ್ಷೆ). ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿಟ್ಟ ಕೊಳವೆ) ಇದ್ದರೆ ಒಂದು ಅದರಿಂದ, ಇನ್ನೊಂದು ಕೈಯ ರಕ್ತನಾಳದಿಂದ. ಆಮೇಲೆ ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ 4.5 ಗ್ರಾಂ 6 ಗಂಟೆಗೊಮ್ಮೆ, ಇಲ್ಲವೇ ಸೆಫಿಪಿಮ್ 2 ಗ್ರಾಂ 8 ಗಂಟೆಗೊಮ್ಮೆ, ಮೂತ್ರಪಿಂಡ ಸೋತಿದ್ದರೆ ಮುಂದಿನ ಡೋಸ್‌ಗಳನ್ನು ತಗ್ಗಿಸಿ. ಕಲ್ಚರ್‌ಗೆ ರಕ್ತ ಸಿಗಲಿಲ್ಲವೆಂದು ಔಷಧಿ ನಿಲ್ಲಬಾರದು. 4ರಿಂದ 7 ದಿನ ಜ್ವರ ಬಿಡದಿದ್ದರೆ ಶಿಲೀಂಧ್ರ ಸೋಂಕನ್ನು ಹುಡುಕಬೇಕು.

"ಬಿಳಿರಕ್ತಕಣ ಕಡಿಮೆ" ಎಂದಷ್ಟೇ ಬರೆದರೂ ನಮ್ಮ ಕಡೆ ಗೊಂದಲವೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯಲ್ಲೂ ಆ ಕಣಗಳು ಇಳಿಯುತ್ತವೆ. ಕಾಡಂಚಿನಿಂದ ಬಂದ ಕಿಮೋ ರೋಗಿಗೆ ಉಣುಗು ಕಚ್ಚಿತ್ತೇ ಎಂದು ಕೇಳಿ, ಆ ಪರೀಕ್ಷೆಗೂ ಕಳಿಸಿ. ಆದರೆ ಮಂಗನ ಕಾಯಿಲೆಯೇ ಇರಬೇಕೆಂದು ಆಂಟಿಬಯಾಟಿಕ್ ತಡೆಹಿಡಿಯುವಂತಿಲ್ಲ.

ಬರೀ "ಸೋಂಕು" ಎಂದರೆ ಕೊರೊನಾ ಬಂದ ಮೇಲೆ ಅಂಟುರೋಗವೆಂದೇ ತಿಳಿದು ರೋಗಿಯನ್ನು ಕೋಣೆಯಲ್ಲಿ ಒಂಟಿ ಮಾಡುತ್ತಾರೆ. ಸದ್ಯಕ್ಕೆ "ರಕ್ತಕ್ಕೇರಿದ ಸೋಂಕು" ಎಂದು ತಿದ್ದಿದೆ. ಸೊರಬ, ಸಾಗರದ ಕಡೆ ಇದಕ್ಕಿಂತ ನೇರವಾದ ಆಡುಮಾತು ಇದೆಯೇ?