ಡ್ರಾಫ್ಟ್‌ಗೆ ಮುಂಚೆ ಹೈಸ್ಕೂಲ್ ಬೇಸ್‌ಬಾಲ್ ಹುಡುಗರನ್ನ ಹೇಗೆ ನೋಡ್ಬೇಕು? ಅನುಭವ ಇರೋರು ಹೇಳಿ

ಪ್ರಶ್ನೆ: ಎಲ್ರಿಗೂ ನಮಸ್ಕಾರ. ನ್ಯೂಜೆರ್ಸಿಲಿದೀನಿ. ಮಗನ ಟೀಮ್‌ಗೆ ಕೋಚಿಂಗ್ ಮಾಡ್ತಾ ಇಲ್ಲಿನ ಏರಿಯಾ ಸ್ಕೌಟ್ (ಮೇಜರ್ ಲೀಗ್, ಅಂದ್ರೆ ಅಮೆರಿಕದ ದೊಡ್ಡ ಪ್ರೊಫೆಷನಲ್ ಲೀಗ್‌ನ ಟೀಮ್‌ಗೋಸ್ಕರ ಈ ಕಡೆ ಆಟಗಾರರನ್ನ ಹುಡುಕೋರು) ಒಬ್ರ ಪರಿಚಯ ಆಯ್ತು, ಡ್ರಾಫ್ಟ್‌ಗೆ (ಆ ಟೀಮ್‌ಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸ್ಕೊಳ್ಳೋದು) ಮುಂಚೆ ಈ ಸ್ಪ್ರಿಂಗ್ ನಮಗೋಸ್ಕರ ಹುಡುಗರನ್ನ ನೋಡಿ ರಿಪೋರ್ಟ್ ಕೊಡ್ತೀರಾ ಅಂತ ಕೇಳಿದಾರೆ. ಸಂಬಳ ಇಲ್ಲ, ಆದ್ರೂ ತುಂಬಾ ಆಸೆ ಇದೆ. ಕ್ರಿಕೆಟ್ ನೋಡಿ ಬೆಳೆದವನು, ಸ್ಕೋರ್ ನೋಡಿನೇ ಆಟಗಾರನ್ನ ಅಳೆಯೋ ಅಭ್ಯಾಸ. ಏನು ನೋಡ್ಲಿ, ಏನು ಬರೀಲಿ?

ಉತ್ತರ: ಸರ್, ಮ್ಯಾಚ್ ಶುರುವಾಗೋ ಹೊತ್ತಿಗೆ ಹೋಗ್ಬೇಡಿ, ಗಂಟೆ ಮುಂಚೆ ಹೋಗಿ. ಹೈಸ್ಕೂಲ್ ಮ್ಯಾಚ್ ಏಳೇ ಇನ್ನಿಂಗ್ಸ್, ನಿಮ್ಮ ಹುಡುಗ ಮೂರೋ ನಾಲ್ಕೋ ಸಲ ಬ್ಯಾಟ್ ಹಿಡೀತಾನೆ, ಒಳ್ಳೆ ಬ್ಯಾಟರ್ ಅಂತ ಗೊತ್ತಿದ್ರೆ ಅದ್ರಲ್ಲೂ ಬೇಕಂತಲೇ ವಾಕ್ ಕೊಟ್ಟು (ಹೊಡೆಯೋ ಅವಕಾಶ ಕೊಡದೆ ಸುಮ್ನೆ ಫಸ್ಟ್ ಬೇಸ್‌ಗೆ) ಕಳಿಸ್ತಾರೆ, ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್ ಮಧ್ಯೆ ನಿಲ್ಲೋ ಫೀಲ್ಡರ್) ಆಗಿದ್ರೆ ಅವನ ಕಡೆ ಒಂದು ಬಾಲೂ ಬರದೆ ಮ್ಯಾಚ್ ಮುಗಿದುಹೋಗುತ್ತೆ. ಎದುರುಗಡೆ ಪಿಚರ್ (ಬಾಲ್ ಎಸೆಯೋನು) 78 ಮೈಲಿ ಸ್ಪೀಡಲ್ಲಿ ಹಾಕ್ತಿದ್ರೆ ಅವನಿಗೆ ಹೊಡೆದ ಹೋಮ್ ರನ್‌ನಿಂದ ಏನು ಗೊತ್ತಾಗುತ್ತೆ, ಅದೂ ಮೆಟಲ್ ಬ್ಯಾಟಲ್ಲಿ? ಅದಕ್ಕೇ ಮ್ಯಾಚ್‌ಗೆ ಮುಂಚಿನ ಪ್ರಾಕ್ಟೀಸ್ ಬಿಡ್ಬೇಡಿ. ಶಾರ್ಟ್‌ಸ್ಟಾಪ್‌ನ ಬಲಕ್ಕೆ ದೂರ ಬಾಲ್ ಹೊಡೆದಾಗ ಬ್ಯಾಕ್‌ಹ್ಯಾಂಡಲ್ಲಿ ಹಿಡಿದು, ಬಲಗಾಲು ಊರಿ, ಹೆಚ್ಚಿನ ಹೆಜ್ಜೆ ಹಾಕದೆ ಎಸೀತಾನಾ ನೋಡಿ. ಆ ಬಾಲ್ ಫಸ್ಟ್ ಬೇಸ್ ಹತ್ರ ಬರ್ತಾ ಸೋತು ಕೆಳಗಿಳಿಯುತ್ತಾ, ಅದೇ ಜೋರಲ್ಲಿ ಗ್ಲೌಸ್ ಸೇರುತ್ತಾ? ಆ ಒಂದು ಥ್ರೋ ಇಡೀ ಸ್ಕೋರ್‌ಬುಕ್‌ಗಿಂತ ಜಾಸ್ತಿ ಹೇಳುತ್ತೆ.

ಸ್ಟಾಪ್‌ವಾಚ್ ಸದಾ ಕೈಲಿರ್ಲಿ. ಬಾಲ್‌ಗೆ ಬ್ಯಾಟ್ ತಾಗಿದ ಕ್ಷಣ ಒತ್ತಿ, ಓಡೋಕೆ ಶುರು ಮಾಡಿದಾಗಲ್ಲ. ಫಸ್ಟ್ ಬೇಸ್ ಮುಟ್ಟೋಕೆ ಬಲಗೈ ಬ್ಯಾಟರ್‌ಗೆ 4.3 ಸೆಕೆಂಡ್, ಎಡಗೈಯವನಿಗೆ 4.2 ಅಂದ್ರೆ ಮೇಜರ್ ಲೀಗ್ ಆವರೇಜ್, ಎಡಗೈಯವನು ಬೇಸ್‌ಗೆ ಹತ್ರ ನಿಂತಿರ್ತಾನಲ್ಲ. ಬ್ಯಾಟರ್ ಹಿಂದೆ ಕೂರೋ ಕ್ಯಾಚರ್ ಸೆಕೆಂಡ್ ಬೇಸ್‌ಗೆ ಎಸೆಯೋಕೆ 2.0 ಸೆಕೆಂಡ್.

ರಿಪೋರ್ಟಲ್ಲಿ ಬ್ಯಾಟಿಂಗ್, ಓಟ, ಥ್ರೋ ಹೀಗೆ ಒಂದೊಂದಕ್ಕೂ ನಂಬರ್ ಕೊಡ್ಬೇಕು, 20ರಿಂದ 80. 50 ಅಂದ್ರೆ ಮೇಜರ್ ಲೀಗ್ ಆವರೇಜ್, ನಿಮ್ಮ ಕೌಂಟಿ ಆವರೇಜ್ ಅಲ್ಲ. ಇವತ್ತಿಗೊಂದು, ಮುಂದಕ್ಕೊಂದು, ಎರಡೂ ಬರೀಬೇಕು. ಹದಿನೆಂಟರ ಹುಡುಗನ ಬ್ಯಾಟಿಂಗ್‌ಗೆ ಇವತ್ತಿನ ನಂಬರ್ 25 ಅಂತ ಬರೆಯೋಕೆ ಹಿಂಜರೀಬೇಡಿ.

ಉತ್ತರ: ಪಿಚರ್ ಬಗ್ಗೆ ನಾ ಹೇಳ್ತೇನ್ರಿ. ರಡಾರ್ ಗನ್ ಎಲ್ಲಾರ ಕೈಯಾಗೂ ಇರ್ತೈತಿ. ಮೊದಲನೇ ಇನ್ನಿಂಗ್ಸ್‌ನಾಗ 93 ಇದ್ದಿದ್ದು ಐದನೇದ್ರಾಗ 88ಕ್ಕ ಇಳಿದ್ರ ಅದನ್ನ ಬರೀರಿ. ಮೊದಲು ಹೋಮ್ ಪ್ಲೇಟ್ (ಬ್ಯಾಟರ್ ನಿಂದ್ರೋ ಜಾಗ) ಹಿಂದ ಕುಂತು ನೋಡ್ರಿ, ಆಮ್ಯಾಲೆ ಬಲಗೈ ಹುಡುಗ ಇದ್ರ ಥರ್ಡ್ ಬೇಸ್ ಕಡೆ ಹೋಗಿ ನಿಂದ್ರಿ, ಕೈ ಹೆಂಗ ಬರ್ತೈತಿ ಕಾಲು ಎಲ್ಲಿ ಬೀಳ್ತೈತಿ ಪೂರ್ತಿ ಕಾಣ್ತೈತಿ. ಕರ್ವ್‌ಬಾಲ್ (ತಿರುಗಿ ಬೀಳೋ ಬಾಲ್) ಹಾಕುವಾಗ ಕೈ ನಿಧಾನ ಆದ್ರ ಹೈಸ್ಕೂಲ್ ಹುಡುಗರಿಗೆ ತಿಳಿಯಂಗಿಲ್ಲ, ಪ್ರೊಫೆಷನಲ್ ಬ್ಯಾಟರ್ ಬಿಡಂಗಿಲ್ಲ. ಶಾರ್ಟ್‌ಸ್ಟಾಪ್‌ಗಳ ಕೈ ಮ್ಯಾಲೂ ಕಣ್ಣಿಡ್ರಿ, ಜೇಕಬ್ ಡಿಗ್ರೋಮ್ ಸ್ಟೆಟ್ಸನ್ ಯೂನಿವರ್ಸಿಟಿ ಒಳಗ ಶಾರ್ಟ್‌ಸ್ಟಾಪ್ ಇದ್ದಾವ, 2010ರಾಗ ಡ್ರಾಫ್ಟ್‌ನ 9ನೇ ರೌಂಡ್‌ನಾಗ ಮೆಟ್ಸ್ ಟೀಮ್‌ನವರು ತಗೊಂಡ್ರು, ಪಿಚರ್ ಆಗಿ 2018, 2019 ಎರಡೂ ವರ್ಷ ಬೆಸ್ಟ್ ಪಿಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿ ಹೊಡದ.

ಉತ್ತರ: ಆಟದಷ್ಟೇ ಮುಖ್ಯ, ಡ್ರಾಫ್ಟಲ್ಲಿ ಆರಿಸಿದ್ರೆ ಹುಡುಗ ಟೀಮ್ ಜೊತೆ ಸೈನ್ ಮಾಡ್ತಾನಾ, ಇಲ್ಲ ಕಾಲೇಜ್‌ಗೆ ಹೋಗ್ತಾನಾ ಅನ್ನೋದು. 2019ರಲ್ಲಿ 40 ರೌಂಡ್ ಇದ್ದ ಡ್ರಾಫ್ಟ್ 2021ರಿಂದ 20ಕ್ಕೆ ಇಳಿದಿದೆ, ಬರದೇ ಇರೋ ಹುಡುಗನ ಮೇಲೆ ಪಿಕ್ (ಆರಿಸೋ ಸರದಿ) ಹಾಳು ಮಾಡೋಕೆ ಯಾರಿಗೂ ಮನಸ್ಸಿಲ್ಲ. ನಾಲ್ಕು ವರ್ಷದ ಕಾಲೇಜ್ ಸೇರಿದ್ರೆ ಮತ್ತೆ ಡ್ರಾಫ್ಟ್‌ಗೆ ಬರೋಕೆ ಮೂರನೇ ವರ್ಷ ಮುಗೀಬೇಕು ಇಲ್ಲಾ 21 ಆಗ್ಬೇಕು. ಕುಮಾರ್ ರಾಕರ್ ಗೊತ್ತಲ್ಲ, ತಾಯಿ ಕಡೆಯಿಂದ ಭಾರತದ ಮೂಲ, 2018ರಲ್ಲಿ 38ನೇ ರೌಂಡಲ್ಲಿ ಕರೆದ್ರೂ ವ್ಯಾಂಡರ್‌ಬಿಲ್ಟ್‌ಗೇ ಹೋದ, 2022ರಲ್ಲಿ 3ನೇ ಪಿಕ್ ಆದ. ಹಾಗಾಗಿ ಅಪ್ಪ ಅಮ್ಮನ ಹತ್ರ ನಿಧಾನವಾಗಿ ಮಾತಾಡಿ, ಓದಿನ ಬಗ್ಗೆ ಕೇಳಿ, ದುಡ್ಡಿನ ಮಾತು ಏರಿಯಾ ಸ್ಕೌಟ್‌ಗೆ ಬಿಡಿ.

ಇನ್ನೊಂದು, ನಿಮ್ಮ ಕಡೆ ಸ್ಪ್ರಿಂಗಲ್ಲಿ ಚಳಿ, ಮಳೆ, ಮ್ಯಾಚ್ ರದ್ದಾಗ್ತಾನೇ ಇರುತ್ತೆ, ಹೊರಗಿಂದ ಬರೋ ಸ್ಕೌಟ್‌ಗಳಿಗೆ ಹುಡುಗರನ್ನ ಸರಿಯಾಗಿ ನೋಡೋಕೆ ಆಗಲ್ಲ. ನಿಮ್ಮ ರಾಜ್ಯದ ಮಿಲ್‌ವಿಲ್‌ನ ಮೈಕ್ ಟ್ರೌಟ್, ಮುಂದೆ ಅಷ್ಟು ದೊಡ್ಡ ಸ್ಟಾರ್ ಆದವನು, 2009ರಲ್ಲಿ 25ನೇ ಪಿಕ್‌ವರೆಗೂ ಉಳಿದಿದ್ದ. ಅವನನ್ನ ಗಟ್ಟಿಯಾಗಿ ನಂಬಿದ ಏಂಜಲ್ಸ್ ಟೀಮ್‌ನ ಸ್ಕೌಟ್ ಗ್ರೆಗ್ ಮೋರ್‌ಹಾರ್ಟ್, ಟ್ರೌಟ್ ತಂದೆ ಜೊತೆ ಮೈನರ್ ಲೀಗಲ್ಲಿ (ಮೇಜರ್ ಲೀಗ್‌ಗಿಂತ ಕೆಳಗಿನ ಹಂತ) ಆಡಿದ್ದವರು. ನಿಮ್ಮಂಥ ಲೋಕಲ್ ಜನ ಬೇಕಾಗೋದೇ ಇದಕ್ಕೆ.

ಕೇಳಿದವರು: ತುಂಬಾ ಥ್ಯಾಂಕ್ಸ್. ಈ ವಾರ ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಕೋಚ್‌ಗಳಿಗೆ ಫೋನ್ ಮಾಡಿ ಯಾವ ಪಿಚರ್ ಯಾವ ದಿನ ಅಂತ ಕೇಳ್ಕೊಳ್ಳಿ ಸರ್, ಹೊರಡೋ ಮುಂಚೆ ಇನ್ನೊಂದು ಸಲ ಕೇಳಿ, ಮಳೆ ಬಂದ್ರೆ ಪೂರ್ತಿ ಬದಲಾಗುತ್ತೆ.