ಮೀನಿನ ಟ್ಯಾಂಕ್ ನೀರು ಬದಲಿಸೋಕೆ ಸುಲಭದ ದಾರಿ ಇದ್ಯಾ?

ಪ್ರಶ್ನೆ:
ಮೂರಡಿ ಟ್ಯಾಂಕ್, ಹೆಚ್ಚುಕಮ್ಮಿ 100 ಲೀಟರ್, ನಾಲ್ಕು ಗೋಲ್ಡ್‌ಫಿಶ್. ಪ್ರತಿ ಭಾನುವಾರ ಮಗ್ಗಲ್ಲಿ ಮೊಗೆದು, ಬಕೆಟ್ ಹೊತ್ತು ಬಚ್ಚಲಿಗೆ ಸುರೀತೀನಿ. ಹಾಲಿಂದ ಬಚ್ಚಲವರೆಗೂ ನೀರಿನ ಗೆರೆ. ಹೋದ ವಾರ ಅತ್ತೆ ಜಾರಿ ಬೀಳೋದ್ರಲ್ಲಿದ್ರು. ನನ್ನ ಸೊಂಟ ಬೇರೆ ಹಿಡ್ಕೊಂಡಿದೆ.

ಉತ್ತರ:
ಮೊದ್ಲು ಆ ಮಗ್ಗು ಬಿಡಿ! ಹಾರ್ಡ್‌ವೇರ್ ಅಂಗಡೀಲಿ ಅರ್ಧ ಇಂಚಿನ ಪ್ಲಾಸ್ಟಿಕ್ ಪೈಪ್ ಸಿಗುತ್ತೆ, ಬಚ್ಚಲವರೆಗೆ ಅಳೆದು ತನ್ನಿ. ನಲ್ಲಿಗೆ ಹಿಡಿದು ಪೈಪ್ ತುಂಬಿಸಿ, ಎರಡೂ ತುದಿ ಹೆಬ್ಬೆರಳಲ್ಲಿ ಒತ್ತಿ, ಒಂದನ್ನ ಟ್ಯಾಂಕಲ್ಲಿ ಮುಳುಗಿಸಿ, ಇನ್ನೊಂದನ್ನ ನೆಲಮಟ್ಟಕ್ಕೆ ಇಳಿಸಿ ಬಿಡಿ. ತಾನೇ ಹರಿಯುತ್ತೆ. ಬಾಯಲ್ಲಿ ಎಳೀಬೇಡಿ, ನಾನೊಂದ್ಸಲ ಕುಡಿದಿದೀನಿ. ಫಿಲ್ಟರ್ ಆಫ್ ಮಾಡೋದು ಮರೀಬೇಡಿ.

ಮತ್ತೊಬ್ಬರು:
ಟ್ಯಾಂಕ್ ಮತ್ತೆ ತುಂಬಿಸೋಕೆ ಏರ್ ಕೂಲರಲ್ಲಿ ಇರುತ್ತಲ್ಲ, ಆ ಸಣ್ಣ ನೀರಿನ ಪಂಪ್ ಸಾಕು, ಬಕೆಟಲ್ಲಿ ಮುಳುಗಿಸಿ ಪೈಪ್ ಸಿಕ್ಕಿಸಿ. ನಲ್ಲಿ ನೀರಾದ್ರೆ ಆಂಟಿ-ಕ್ಲೋರಿನ್ ಹನಿ ಹಾಕಿ. ವಾರಕ್ಕೆ 25-30 ಲೀಟರ್ ಬದಲಿಸಿದ್ರೆ ಸಾಕು, ಪೂರ್ತಿ ಖಾಲಿ ಮಾಡ್ಬೇಡಿ. ತೆಗೆದ ನೀರು ಗಿಡಕ್ಕೆ ಹಾಕಿ, ನಮ್ಮನೆ ದಾಸವಾಳ ಅದರಲ್ಲೇ ಬೆಳೆದಿದ್ದು.

ಪ್ರಶ್ನೆ ಕೇಳಿದವರು:
ಪೈಪ್ ತಂದೆ, ನೆಲ ಒಣಗೇ ಇದೆ! ಆದ್ರೆ ದೊಡ್ಡ ಮೀನು ಪೈಪಿನ ಬಾಯಿಗೇ ಮೂತಿ ಇಟ್ಕೊಂಡು ನಿಲ್ತಿತ್ತು. ತುದಿಗೆ ಸೊಳ್ಳೆಪರದೆ ತುಂಡು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದೀನಿ.